ತಮ್ಮ ತಂದುಕೊಟ್ಟ ಆಮೆಮರಿ



ನಾವು ತರೀಕೆರೆ ತಾಲ್ಲೂಕಿನ ಅಮೃತಾಪುರದವರು. ಒಂದಿಷ್ಟು ಅಡಿಕೆ, ತೆಂಗು, ಎರಡು ಹಸು. ಮನೆಯಲ್ಲಿ ಅತ್ತೆ, ನಾವು ಗಂಡ ಹೆಂಡತಿ, ಏಳು ವರ್ಷದ ಮಗಳು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ ಮಗಳ ಹುಟ್ಟುಹಬ್ಬಕ್ಕೆ ಬಂದವನು ಅಂಗೈಯಲ್ಲಿ ಕೂರುವಷ್ಟು ಪುಟ್ಟ ಆಮೆಮರಿಯನ್ನು ತಂದುಕೊಟ್ಟ. ಕಪ್ಪು ಚಿಪ್ಪು, ಮೇಲೆ ಹಳದಿ ಗೆರೆಗಳು. ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಿದ್ದಾಳೆ. ಶಾಲೆಯಿಂದ ಬಂದ ಕೂಡಲೇ ಅದರ ಮುಂದೆ ಕೂತರೆ ಊಟಕ್ಕೂ ಏಳುವುದಿಲ್ಲ.

ಬಚ್ಚಲಿನಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ನಡುವೆ ಒಂದು ಕಲ್ಲಿಟ್ಟು ಬಿಟ್ಟಿದ್ದೇವೆ. ಹಾಲನ್ನ, ಸೌತೆಕಾಯಿ, ಬಿಸ್ಕತ್ತು ಎಲ್ಲ ಹಾಕಿ ನೋಡಿದೆವು. ಮೊದಲ ದಿನ ಸ್ವಲ್ಪ ತಿಂದಿತು, ನಿನ್ನೆಯಿಂದ ಬಾಯಿ ತೆರೆಯುತ್ತಿಲ್ಲ. ಕಣ್ಣು ಊದಿಕೊಂಡಂತಿದೆ, ಪೂರ್ತಿ ಬಿಡುವುದಿಲ್ಲ. ತಮ್ಮನಿಗೆ ಫೋನ್ ಮಾಡಿದರೆ "ಬೆಂಗಳೂರಲ್ಲಿ ಎಷ್ಟೋ ಜನ ಸಾಕ್ತಾರೆ ಅಕ್ಕಾ, ಎರಡು ದಿನ ಬಿಟ್ರೆ ಸರಿಹೋಗುತ್ತೆ" ಅನ್ನುತ್ತಾನೆ. ನಮ್ಮತ್ತೆಗೆ ಮನೆಗೆ ಲಕ್ಷ್ಮಿ ಬಂದಷ್ಟು ಸಂತೋಷ. ನಮ್ಮ ಮನೆದೇವರು ಗವಿರಂಗಾಪುರದ ರಂಗನಾಥ, ಕೂರ್ಮಾವತಾರ. ಅದು ತಾನಾಗಿ ಬಂದಿದೆ, ಕಳಿಸಬಾರದು ಎನ್ನುತ್ತಾರೆ. ಪಕ್ಕದ ಮನೆಯವರು ನೋಡಿ, "ಇದು ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಹುಲಿ ಉಗುರಿನ ಥರ ಆಗುತ್ತೆ ನೋಡಿ" ಎಂದು ಹೆದರಿಸಿ ಹೋದರು. ಅವತ್ತಿನಿಂದ ನಮ್ಮ ಯಜಮಾನರು, ಲಕ್ಕವಳ್ಳಿ ಕಡೆ ಹೋದಾಗ ಭದ್ರಾ ಕಾಡಿಗೆ ಬಿಟ್ಟುಬರುತ್ತೇನೆ, ಯಾರಿಗೂ ಹೇಳಬೇಡ ಎನ್ನುತ್ತಿದ್ದಾರೆ.

ಇದಕ್ಕೆ ಏನು ತಿನ್ನಿಸಬೇಕು, ಹೇಗೆ ನೋಡಿಕೊಳ್ಳಬೇಕು ತಿಳಿಸಿ. ಕೇಸು ಆಗುವುದು ನಿಜವೇ? ಕಳಿಸಲೇಬೇಕಾದರೆ ಮಗಳಿಗೆ ಏನು ಹೇಳಲಿ? ಇನ್ನೊಂದು, ಅವಳು ನನ್ನ ಉಗುರುಬಣ್ಣದಿಂದ ಅದರ ಬೆನ್ನಿನ ಮೇಲೆ ತನ್ನ ಹೆಸರಿನ ಮೊದಲಕ್ಷರ ಬರೆದುಬಿಟ್ಟಿದ್ದಾಳೆ. ಅದನ್ನು ಹೇಗೆ ತೆಗೆಯುವುದು?

— ಅಮೃತಾಪುರದ ಓದುಗಿ

ತಂಗೀ,

ಕಾಗದದ ಜೊತೆ ಫೋಟೊ ಮತ್ತು ಫೋನ್ ನಂಬರ್ ಇಟ್ಟಿದ್ದು ಒಳ್ಳೆಯದಾಯಿತು. ಈ ವಿಷಯ ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ, ಹಾಗಾಗಿ ಮುಖ್ಯವಾದುದನ್ನು ಫೋನಿನಲ್ಲೇ ಹೇಳಿದ್ದೇನೆ. ಇಲ್ಲಿ ಬಿಡಿಸಿ ಬರೆಯುತ್ತಿರುವುದು ನಿಮ್ಮ ಹಾಗೆಯೇ ಉಡುಗೊರೆಯಾಗಿ ಬಂದ ಆಮೆಮರಿಯನ್ನು ಬಚ್ಚಲಲ್ಲಿಟ್ಟುಕೊಂಡು ಯಾರನ್ನು ಕೇಳುವುದೆಂದು ತಿಳಿಯದೆ ಕೂತಿರುವ ಉಳಿದವರಿಗೂ ಸೇರಿಸಿ.

ಫೋಟೊದಲ್ಲಿರುವುದು ನಕ್ಷತ್ರ ಆಮೆ. ಇದು ನಿಮ್ಮ ಮನೆಯಲ್ಲಿ ಉಳಿಯುವಂತಿಲ್ಲ. ಸಾಕಲು ಅನುಮತಿಯಿಲ್ಲ, ಅಷ್ಟೇ ಮುಖ್ಯವಾಗಿ ನಿಮ್ಮ ಮನೆಯಲ್ಲಿ ಇದು ಬದುಕುವ ಸಂಭವವೂ ಕಡಿಮೆ. ಆದರೆ ಒಪ್ಪಿಸುವ ತನಕ ಇದು ಉಸಿರಾಡುತ್ತಿರಬೇಕಲ್ಲ, ಆರೈಕೆಯಿಂದಲೇ ಶುರುಮಾಡೋಣ.

ಮೊದಲು ನೀರಿನಿಂದ ಎತ್ತಿ. ಆಮೆ ಅಂದಕೂಡಲೇ ನಮಗೆಲ್ಲ ಕೆರೆ ನೆನಪಾಗುತ್ತದೆ, ನಿಮ್ಮ ಕಡೆಯ ಕೆರೆ, ನಾಲೆ, ಗದ್ದೆಗಳಲ್ಲಿ ಕಾಣುವುದು ನೀರಿನ ಆಮೆಯೇ. ಅದರ ಬೆರಳುಗಳ ನಡುವೆ ಚರ್ಮದ ಪೊರೆ ಇರುತ್ತದೆ, ಚಿಪ್ಪು ತುಸು ಚಪ್ಪಟೆ. ನಿಮ್ಮ ಮರಿಯ ಕಾಲು ನೋಡಿ, ಆನೆಯ ಕಾಲಿನ ಹಾಗೆ ಮೋಟಾಗಿ, ಪೊರೆಯಿಲ್ಲದೆ, ಗಟ್ಟಿ ಹುರುಪೆಗಳಿಂದ ಕೂಡಿದೆ. ಚಿಪ್ಪು ಗುಮ್ಮಟದಂತೆ ಮೇಲೆದ್ದಿದೆ. ಇದು ಒಣನೆಲದ, ಕುರುಚಲು ಕಾಡಿನ ಪ್ರಾಣಿ, ಈಜಲು ಬರುವುದಿಲ್ಲ. ಟಬ್ಬಿನ ನಡುವಿನ ಕಲ್ಲಿನಿಂದ ರಾತ್ರಿ ಜಾರಿ ಬಿದ್ದು ಮಗುಚಿಕೊಂಡರೆ ಬೆಳಗಾಗುವುದರೊಳಗೆ ಮುಳುಗಿ ಸತ್ತಿರುತ್ತದೆ. ಕಣ್ಣು ಊದಿ ಬಾಯಿ ಮುಚ್ಚಿರುವುದಕ್ಕೂ ಹಗಲೂ ರಾತ್ರಿ ತಣ್ಣೀರಲ್ಲಿ ನಿಲ್ಲಿಸಿದ್ದು ಒಂದು ಕಾರಣವಿರಬಹುದು. ಆಮೆಯ ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತ ತಣ್ಣಗಿದ್ದರೆ ಒಳಗೂ ತಣ್ಣಗೆ. ಹೊಟ್ಟೆ ಅರಗಿಸುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಮಳೆಗಾಲದ ನಿಮ್ಮ ಬಚ್ಚಲು ಇದಕ್ಕೆ ಸೆರೆಮನೆಗಿಂತ ಕಡೆ.

ಅಗಲವಾದ ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ, ಅಂಗಡಿಯಲ್ಲಿ ಬಿಸ್ಕತ್ತು ಬರುತ್ತದಲ್ಲ ಅಂಥದ್ದು. ತಳಕ್ಕೆ ಒಣಮಣ್ಣು, ಅದರ ಮೇಲೆ ಒಣಹುಲ್ಲು. ಒಂದು ಮೂಲೆಯಲ್ಲಿ ಒಡೆದ ಮಡಕೆಯ ಅರ್ಧವನ್ನು ಬೋರಲು ಹಾಕಿದರೆ ಅಡಗಿಕೊಳ್ಳಲು ಜಾಗವಾಯಿತು. ಆಮೆಮರಿಗೆ ಬಯಲು ಎಂದರೆ ಭಯ. ಕಾಡಿನಲ್ಲಿ ಇಷ್ಟು ಚಿಕ್ಕದಿರುವಾಗ ಅದನ್ನು ಕಾಗೆಯೂ ಬಿಡುವುದಿಲ್ಲ, ಮುಂಗುಸಿಯೂ ಬಿಡುವುದಿಲ್ಲ. ನಿಮ್ಮ ಮನೆಯಲ್ಲಿ ಬೆಕ್ಕು, ಹೆಗ್ಗಣ ಎರಡಕ್ಕೂ ಇದು ಒಂದು ತುತ್ತು, ಆದ್ದರಿಂದ ರಾತ್ರಿ ಪೆಟ್ಟಿಗೆಯ ಮೇಲೆ ಗಾಳಿಯಾಡುವ ತಂತಿ ಜಾಲರಿ ಮುಚ್ಚಿ, ಮೇಲೆ ಭಾರ ಇಡಿ. ಒಂದು ತುದಿಗೆ ಹಳೆಯ ಕಾಲದ ಬಿಸಿಯಾಗುವ ಬಲ್ಬನ್ನು ಒಂದಡಿ ಮೇಲೆ ತೂಗುಹಾಕಿ. ಅದರ ಕೆಳಗೆ ಕೈಯಿಟ್ಟರೆ ಹಿತವಾದ ಬಿಸಿ ಇರಬೇಕು, ಸುಡಬಾರದು. 32ರಿಂದ 35 ಡಿಗ್ರಿ ಸಾಕು. ಇನ್ನೊಂದು ತುದಿ ತಂಪಾಗಿಯೇ ಇರಲಿ. ಯಾವ ಕಡೆ ಇರಬೇಕೆಂದು ಅದೇ ತೀರ್ಮಾನಿಸುತ್ತದೆ.

ಬಿಸಿಲು ಬಂದ ದಿನ ಬೆಳಿಗ್ಗೆ ಅಂಗಳದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಬಿಡಿ, ಅರ್ಧ ನೆರಳು ಇರುವ ಕಡೆ, ಒಬ್ಬರು ಪಕ್ಕದಲ್ಲೇ ಕೂತು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಪ್ರಯೋಜನವಿಲ್ಲ. ಚರ್ಮದಲ್ಲಿ ಡಿ ಜೀವಸತ್ವ ಹುಟ್ಟಿಸುವ ನೇರಳಾತೀತ ಕಿರಣವನ್ನು ಗಾಜು ತಡೆದುಬಿಡುತ್ತದೆ. ಆ ಜೀವಸತ್ವವಿಲ್ಲದೆ ತಿಂದ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ಚಿಪ್ಪೂ ಮೂಳೆಯೇ, ಬೆನ್ನೆಲುಬು ಮತ್ತು ಪಕ್ಕೆಲುಬು ಅದಕ್ಕೆ ಬೆಸೆದುಕೊಂಡಿವೆ. ಮನೆಯೊಳಗೆ ಬೆಳೆಸಿದ ಎಷ್ಟೋ ಆಮೆಮರಿಗಳ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಾಗಿ, ಕಾಲು ಸೊಟ್ಟಗಾಗಿ, ತಿಂಗಳುಗಟ್ಟಲೆ ನವೆದು ಸಾಯುವುದು ಹೀಗೆ. ಕೊಂಡವರು ಅದಕ್ಕೆ ಆಯಸ್ಸೇ ಅಷ್ಟು ಎಂದುಕೊಳ್ಳುತ್ತಾರೆ. ಸರಿಯಾದ ಜಾಗದಲ್ಲಿ ಇದು ದಶಕಗಟ್ಟಲೆ ಬದುಕುವ ಜೀವಿ.

ದಿನಕ್ಕೊಮ್ಮೆ ಅಗಲ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ, ನೀರು ಅದರ ಗದ್ದಕ್ಕಿಂತ ಕೆಳಗಿರುವಂತೆ ನೋಡಿಕೊಂಡು ಹತ್ತು ಹದಿನೈದು ನಿಮಿಷ ನಿಲ್ಲಿಸಿ. ತಲೆ ತಗ್ಗಿಸಿ ಕುಡಿದರೆ ಅರ್ಧ ಚಿಂತೆ ಕಳೆಯಿತು. ಆಮೇಲೆ ಒರೆಸಿ ಪೆಟ್ಟಿಗೆಗೆ. ಈ ಮೆತ್ತಗಾದ ಸ್ಥಿತಿಯಲ್ಲಿ ಇದಕ್ಕೆ ಮೇವಿಗಿಂತ ಮೊದಲು ಬೇಕಿರುವುದು ನೀರು ಮತ್ತು ಶಾಖ. ಅವೆರಡೂ ಸಿಕ್ಕರೆ ಹಸಿವು ಮರಳಬಹುದು.

ಹಾಲನ್ನ ನಿಲ್ಲಿಸಿ. ಬಿಸ್ಕತ್ತು, ಬ್ರೆಡ್, ಮೊಟ್ಟೆ, ಅಕ್ವೇರಿಯಂ ಅಂಗಡಿಯ ಮೀನಿನ ಗುಳಿಗೆ, ಯಾವುದೂ ಬೇಡ. ಇದು ಹುಲ್ಲು ಸೊಪ್ಪು ತಿನ್ನುವ ಪ್ರಾಣಿ. ನಾರು ಜಾಸ್ತಿ, ಸುಣ್ಣದಂಶ ಜಾಸ್ತಿ, ಪ್ರೋಟೀನು ಕಡಿಮೆ ಇರುವ ಮೇವು ಇದರದ್ದು. ನಿಮ್ಮ ಹಿತ್ತಲಲ್ಲೇ ಎಲ್ಲ ಇದೆ. ಎಳೆ ಗರಿಕೆ, ದಾಸವಾಳದ ಎಲೆ ಮತ್ತು ಹೂವು, ನುಗ್ಗೆಸೊಪ್ಪು, ಸಿಕ್ಕಿದರೆ ಹಿಪ್ಪುನೇರಳೆ ಎಲೆ. ಸಣ್ಣಗೆ ಹೆಚ್ಚಿ ಕಲಸಿ, ನೆಲಮಟ್ಟದ ತಟ್ಟೆಯಲ್ಲಿ ಇಡಿ. ಸೌತೆಕಾಯಿಯಲ್ಲಿ ನೀರು ಬಿಟ್ಟರೆ ಹೆಚ್ಚೇನಿಲ್ಲ. ಪಾಲಕ್ ಬೇಡ, ಅದರಲ್ಲಿರುವ ಆಮ್ಲ ಸುಣ್ಣದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ತೋಟಕ್ಕೆ ಔಷಧಿ ಹೊಡೆದಿದ್ದರೆ ಆ ಕಡೆಯ ಸೊಪ್ಪು ಮುಟ್ಟಬೇಡಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕಾಲ ಬೇರೆ.

ಒಂದು ಎಚ್ಚರಿಕೆಯನ್ನು ಪಶುವೈದ್ಯನಾಗಿ ಒತ್ತಿ ಹೇಳಬೇಕು. ದನ ಕುರಿ ಇರುವ ಮನೆಗಳಲ್ಲಿ ಉಣುಗಿಗೆ, ಜಂತುಹುಳಕ್ಕೆಂದು ತಂದ ಐವರ್‌ಮೆಕ್ಟಿನ್ ಒಂದಿಷ್ಟು ಉಳಿದಿರುತ್ತದೆ. ದನಕ್ಕೆ ಒಳ್ಳೆಯ ಔಷಧಿ. ಆಮೆಗೆ ಅದು ವಿಷ. ಒಂದು ಹನಿಯೂ ಬೇಡ. ಮೈಗೂ ಹಚ್ಚಬೇಡಿ, ಹೊಟ್ಟೆಗೂ ಹಾಕಬೇಡಿ. ಅಂಗಡಿಯಿಂದ ತಂದ ಕಣ್ಣಿನ ಡ್ರಾಪ್ಸನ್ನು ನಿಮ್ಮಷ್ಟಕ್ಕೆ ಬಿಡುವುದೂ ಬೇಡ. ಊದಿದ ಕಣ್ಣಿಗೆ ಸೋಂಕು ಕಾರಣವಿರಬಹುದು, ಎ ಜೀವಸತ್ವದ ಕೊರತೆ ಇರಬಹುದು, ಬರೀ ಕೊಳೆನೀರಿನ ಉರಿಯೂ ಇರಬಹುದು. ನೋಡದೆ ಹೇಳಲಾಗದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಅಷ್ಟು ಸಾಕು. ಮೂಗಿನಿಂದ ಗುಳ್ಳೆ ಬಂದರೆ, ಬಾಯಿ ತೆರೆದು ಕತ್ತು ಚಾಚಿ ಉಸಿರಾಡಿದರೆ ಶ್ವಾಸಕೋಶಕ್ಕೆ ಇಳಿದಿದೆ ಎಂದು ಅರ್ಥ. ಆಗ ನಾಳೆ ಎನ್ನಬೇಡಿ.

ಮಗಳ ಕೈ. ಆಮೆಗಳ ಕರುಳಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಆಮೆಗೆ ಏನೂ ಆಗದು, ಮಕ್ಕಳಿಗೆ ಜ್ವರ, ಭೇದಿ ಹಿಡಿಯುತ್ತದೆ. ಪುಟ್ಟ ಆಮೆಗಳನ್ನು ಆಟಿಕೆಯಂತೆ ಮಾರುತ್ತಿದ್ದ ಅಮೆರಿಕದಲ್ಲಿ ಇದೇ ಕಾರಣಕ್ಕೆ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಿದರು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲಿ, ಮುತ್ತು ಕೊಡುವುದು ಬೇಡ, ಟಬ್ಬನ್ನು ಪಾತ್ರೆ ತೊಳೆಯುವ ಜಾಗದಲ್ಲಿ ತೊಳೆಯಬೇಡಿ.

ಇನ್ನು ಕಾನೂನು. ನಿಮ್ಮ ಪಕ್ಕದ ಮನೆಯವರು ಹೆದರಿಸಿದ ರೀತಿ ಸರಿಯಿಲ್ಲದಿರಬಹುದು, ಹೇಳಿದ್ದರಲ್ಲಿ ಸತ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಮೊದಲು ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಅದು ಮೊದಲನೆಯ ಅನುಸೂಚಿಗೆ ಏರಿದೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕದ ಗಲಾಟೆಯಾದಾಗ ತಾತನ ಕಾಲದ್ದು, ಉಡುಗೊರೆ ಬಂದದ್ದು ಎಂದವರನ್ನೆಲ್ಲ ಟೀವಿಯಲ್ಲಿ ನೋಡಿದ್ದೀರಿ. ಗೊತ್ತಿರಲಿಲ್ಲ ಎನ್ನುವುದು ಕಾನೂನಿನ ಮುಂದೆ ಉತ್ತರವಲ್ಲ.

ಆದರೆ ಅದೇ ಕಾಯ್ದೆಯಲ್ಲಿ ನಿಮ್ಮಂಥವರಿಗೆ ಒಂದು ದಾರಿಯೂ ಇದೆ. 39ನೆಯ ಸೆಕ್ಷನ್ನಿನ ಪ್ರಕಾರ ಇಂಥ ಪ್ರಾಣಿ ಸರ್ಕಾರದ ಸ್ವತ್ತು. ಯಾವುದೇ ರೀತಿಯಲ್ಲಿ ಅದು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ನಿಮ್ಮ ಲೆಕ್ಕದಲ್ಲಿ ಆ ಗಡುವು ದಾಟಿದೆ. ದಾಟಿತು ಎಂದು ಇನ್ನಷ್ಟು ದಿನ ಬಚ್ಚಿಡುವುದಕ್ಕಿಂತ ಕೆಟ್ಟ ಆಲೋಚನೆ ಇನ್ನೊಂದಿಲ್ಲ. ಕೇಸು ಆಗುವುದೇ ಇಲ್ಲ ಎಂದು ನಾನು ಬರೆದುಕೊಡಲಾರೆ, ಅದು ನನ್ನ ಅಧಿಕಾರದಲ್ಲಿಲ್ಲ. ತಾನಾಗಿ ಬಂದು ಒಪ್ಪಿಸಿದವರಿಗೂ ಸಿಕ್ಕಿಬಿದ್ದವರಿಗೂ ವ್ಯತ್ಯಾಸವಿದೆ ಎನ್ನುವುದನ್ನು ಮಾತ್ರ ಹೇಳಬಲ್ಲೆ. ಮನಸ್ಸಿಗೆ ಧೈರ್ಯ ಬೇಕಿದ್ದರೆ ತರೀಕೆರೆಯಲ್ಲಿ ಪರಿಚಯದ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅದಕ್ಕಾಗಿ ವಾರ ಕಾಯಬೇಡಿ.

ಒಂದು ಅಂಗೈಯಗಲದ ಜೀವಕ್ಕೆ ಇಷ್ಟು ಬಿಗಿ ಯಾಕೆ ಎಂದು ನಿಮ್ಮ ತಮ್ಮ ಕೇಳಬಹುದು. ಅವನು ತಂದದ್ದು ಒಂದೇ. ಸಂಗ್ರಹಿಸುವವರು ಒಂದನ್ನು ಹಿಡಿಯುವುದಿಲ್ಲ. ಆಂಧ್ರ ಮತ್ತು ಕರ್ನಾಟಕದ ಗಡಿಯ ಕುರುಚಲು ಪ್ರದೇಶದ ಒಂದೇ ಒಂದು ವ್ಯಾಪಾರ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೊರಟುಹೋಗುತ್ತಿವೆ ಎಂದು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಚೀಲ, ಸೂಟ್‌ಕೇಸುಗಳಲ್ಲಿ ಒಂದರ ಮೇಲೊಂದು ತುರುಕಿ, ಅಲುಗದಂತೆ ಟೇಪು ಸುತ್ತಿ ಸಾಗಿಸುತ್ತಾರೆ. ಆಗ್ನೇಯ ಏಷ್ಯಾದ ಪೇಟೆಗಳಲ್ಲಿ ಇವಕ್ಕೆ ಬೇಡಿಕೆ. 2019ರಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಲ್ಲಿಸಲು ಒಪ್ಪಿದ್ದು ಇದೇ ಕಾರಣಕ್ಕೆ. ಮುದ್ದಾಗಿದೆ ಎಂದು ಒಬ್ಬೊಬ್ಬರು ಕೊಳ್ಳುವ ಒಂದೊಂದು ಮರಿಯಿಂದಲೇ ಆ ಪೇಟೆ ನಡೆಯುತ್ತಿದೆ, ನಿಮ್ಮ ತಮ್ಮ ಕೆಟ್ಟವನಲ್ಲದಿದ್ದರೂ.

ಈಗ ನಿಮ್ಮ ಯಜಮಾನರ ಮಾತು. ಗುಟ್ಟಾಗಿ ಭದ್ರಾ ಕಾಡಿಗೆ ಬಿಡುವುದು ಅವರಿಗೆ ಪುಣ್ಯದ ಕೆಲಸದಂತೆ ಕಾಣುತ್ತಿರಬಹುದು. ದಯವಿಟ್ಟು ತಡೆಯಿರಿ. ಲಕ್ಕವಳ್ಳಿಯ ಆಚೆ ಇರುವುದು ಮಳೆ ಸುರಿಯುವ, ಎಲೆ ಕೊಳೆಯುವ, ದಟ್ಟ ನೆರಳಿನ ಕಾಡು. ಈ ಪ್ರಾಣಿಯ ಊರು ಬಿಸಿಲು ಬೀಳುವ ಒಣ ಹುಲ್ಲುಗಾವಲು, ಮುಳ್ಳುಪೊದೆ. ಕಣ್ಣು ಬಿಡಲಾಗದ, ಎರಡು ದಿನದಿಂದ ತಿನ್ನದ ಮರಿಯನ್ನು ಅಲ್ಲಿ ಇಳಿಸಿ ಬಂದರೆ ಅದು ಬಿಡುಗಡೆಯಾಗುವುದಿಲ್ಲ, ಸಾವು ನಮ್ಮ ಕಣ್ಣೆದುರು ಆಗಲಿಲ್ಲ ಎನ್ನುವ ಸಮಾಧಾನ ಮಾತ್ರ. ಹಾಗಾದರೆ ಕಡೂರು, ಅಜ್ಜಂಪುರದ ಕಡೆ ಕಾವಲಿನಲ್ಲಿ ಬಿಟ್ಟರಾಯಿತಲ್ಲ ಎನ್ನುತ್ತಾರೆ, ನೋಡುತ್ತಿರಿ. ಅದೂ ಬೇಡ. ಮಾರಾಟದವರ ಬುಟ್ಟಿಯಲ್ಲಿ ಹತ್ತಾರು ಕಡೆಯ ಪ್ರಾಣಿಗಳ ಜೊತೆ ಕಳೆದ ಮರಿ ಯಾವ ರೋಗ ಹೊತ್ತಿದೆಯೋ ಗೊತ್ತಿಲ್ಲ. ವಾಯವ್ಯದ ಗುಜರಾತ್, ರಾಜಸ್ಥಾನದ ನಕ್ಷತ್ರ ಆಮೆಗಳೂ ನಮ್ಮ ದಕ್ಷಿಣದವೂ ಬೇರೆ ಬೇರೆ ಬಳಗ. ಇದು ಯಾವ ಕಡೆಯದೆಂದು ತಿಳಿಯದೆ ಬೆರೆಸಬಾರದು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆತಂದರು. ಸಿಂಗಪುರದ ಪ್ರಾಣಿದಯಾ ಸಂಸ್ಥೆ, ನಮ್ಮ ಅರಣ್ಯ ಇಲಾಖೆ, ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಮೂವರೂ ಸೇರಿ ಮಾಡಿದ ಕೆಲಸ. ಬಂದಿಳಿದ ಆಮೆಗಳನ್ನು ನೇರ ಕಾಡಿಗೆ ಬಿಡಲಿಲ್ಲ. ಪ್ರತ್ಯೇಕವಾಗಿಟ್ಟು, ಆರೋಗ್ಯ ನೋಡಿ, ನಮ್ಮ ಹವೆಗೆ ಒಗ್ಗಿಸುವ ಏರ್ಪಾಡು ಮಾಡಿದರು. ಬಲ್ಲವರೇ ಇಷ್ಟು ಎಚ್ಚರ ವಹಿಸುವ ಕೆಲಸವನ್ನು ಬೈಕಿನ ಡಿಕ್ಕಿಯಲ್ಲಿ ಒಯ್ದು ಮುಗಿಸಲಾಗದು.

ಅತ್ತೆಯವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಅದರಿಂದ ಮನೆಯಲ್ಲಿ ಜಗಳವಾಗುತ್ತದೆಯೇ ಹೊರತು ಆಮೆಗೆ ಲಾಭವಿಲ್ಲ. ಗವಿರಂಗಾಪುರದ ದೇವರು ಕೂರ್ಮನಾದರೆ ಆಮೆಯ ಮೇಲೆ ಅವರಿಗೆ ಭಕ್ತಿ ಇರುವುದು ಸಹಜ. ಅವರಿಗೆ ಶೃಂಗೇರಿಯನ್ನು ನೆನಪಿಸಿ. ನಮ್ಮ ಜಿಲ್ಲೆಯಲ್ಲೇ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಹಾಕಿ ಬಂದಿರುತ್ತಾರೆ. ದೇವರ ಮೀನು ಎಂದು ಕೈಮುಗಿಯುವವರು ಯಾರೂ ಅದನ್ನು ಬಾಟಲಿಯಲ್ಲಿ ತುಂಬಿಕೊಂಡು ಬರುವುದಿಲ್ಲ. ಆ ಮರಿಯನ್ನು ಹಿಡಿದವನು ದೇವರ ಹೆಸರಲ್ಲಿ ಹಿಡಿಯಲಿಲ್ಲ, ದುಡ್ಡಿಗೆ ಹಿಡಿದ. ತಾನಾಗಿ ಬಂದದ್ದು ಎನ್ನುವುದು ಇಲ್ಲಿ ಹೊಂದುವುದಿಲ್ಲ ಎಂದು ಅವರಿಗೆ ಅರ್ಥವಾಗುತ್ತದೆ. ಬಾಗಿಲ ಬಳಿ ಆಮೆ ಇರಲೇಬೇಕು ಎಂದರೆ ಅಂಗಡಿಗಳಲ್ಲಿ ತಟ್ಟೆಯ ಸಮೇತ ಹಿತ್ತಾಳೆಯದು ಸಿಗುತ್ತದೆ, ಅದಕ್ಕೆ ಕಣ್ಣೂ ಊದುವುದಿಲ್ಲ. (ಇದನ್ನು ಅತ್ತೆಯವರಿಗೆ ಓದಿ ಹೇಳಬೇಕಿಲ್ಲ.) ಅದೃಷ್ಟ ತರುತ್ತದೆ ಎಂಬ ಮಾತೇ ಈ ವ್ಯಾಪಾರದ ಬಂಡವಾಳ. ಎರಡು ತಲೆಯ ಹಾವು ಎಂದು ಪಾಪದ ಮಣ್ಣುಮುಕ್ಕ ಹಾವನ್ನು ಲಕ್ಷಗಟ್ಟಲೆಗೆ ಮಾರುವವರೂ ಇದೇ ಜಾತಿಯ ಜನ.

ಒಪ್ಪಿಸುವುದು ಹೇಗೆ? ಮೊದಲು ಫೋನ್, ಆಮೇಲೆ ಸಾಗಣೆ. ಇಂಥ ಪ್ರಾಣಿಯನ್ನು ಹೇಳದೆ ಕೇಳದೆ ಊರಿಂದೂರಿಗೆ ಒಯ್ಯುವುದೂ ತೊಂದರೆಗೆ ದಾರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಇಲ್ಲವೇ ತರೀಕೆರೆಯ ವಲಯ ಅರಣ್ಯ ಕಚೇರಿಗೆ ಯಜಮಾನರು ಫೋನ್ ಮಾಡಿ, ಹೀಗೆ ಹೀಗೆ ಬಂದಿದೆ, ಹುಷಾರಿಲ್ಲ, ಒಪ್ಪಿಸಬೇಕು ಎನ್ನಲಿ. ಅವರೇ ಬರುತ್ತಾರೋ ತರಲು ಹೇಳುತ್ತಾರೋ ಕೇಳಿಕೊಳ್ಳಿ. ಒಂದು ಹಾಳೆಯಲ್ಲಿ ಯಾವತ್ತು ಬಂತು, ಯಾರು ಕೊಟ್ಟರು, ಏನು ತಿಂದಿತು, ಕಣ್ಣು ಯಾವಾಗ ಊದಿತು ಎಲ್ಲ ಇದ್ದಹಾಗೆ ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಸಹಿ, ಸೀಲು, ತಾರೀಕು ಹಾಕಿಸಿಕೊಂಡು ಇಟ್ಟುಕೊಳ್ಳಿ. ತಮ್ಮನ ಹೆಸರು ಬರೆಯಬೇಕೇ ಎಂದು ಫೋನಿನಲ್ಲಿ ನೀವು ಕೇಳಿದಿರಿ. ಬರೆಯಬೇಕು. ಹಾದಿಯಲ್ಲಿ ಸಿಕ್ಕಿತು ಎಂದು ಕಥೆ ಕಟ್ಟಿದರೆ ನಾಳೆ ಅವನು ಹಾಕಿದ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ನಿಮ್ಮನ್ನು ಸುಳ್ಳರನ್ನಾಗಿಸುತ್ತದೆ. ಅವನಿಗೆ ಮೊದಲೇ ಹೇಳಿ, ಅವನೂ ಬಂದು ಜೊತೆಗೆ ನಿಂತರೆ ಇನ್ನೂ ಒಳ್ಳೆಯದು. ಕೊಂಡ ಕಡೆಗೇ ವಾಪಸು ಕೊಟ್ಟುಬಿಡುತ್ತೇನೆ ಎಂದರೆ ಒಪ್ಪಬೇಡಿ. ಅದೇ ಮರಿ ಸಂಜೆಗೆ ಇನ್ನೊಂದು ಮನೆಯ ಹುಟ್ಟುಹಬ್ಬಕ್ಕೆ ಹೋಗುತ್ತದೆ.

ಒಯ್ಯಬೇಕಾದರೆ ತೂತು ಮಾಡಿದ ಪುಟ್ಟ ರಟ್ಟಿನ ಪೆಟ್ಟಿಗೆ, ಒಳಗೆ ಒಣಬಟ್ಟೆ, ನೀರು ಬೇಡ, ಮೇವು ಬೇಡ. ಮಡಿಲಲ್ಲಿಟ್ಟುಕೊಂಡು ಹೋಗಿ. ಅಷ್ಟರೊಳಗೆ ಮರಿ ಸತ್ತೇಹೋದರೆ ತೆಂಗಿನ ಬುಡಕ್ಕೆ ಹೂತು ಕೈತೊಳೆದುಕೊಳ್ಳಬೇಡಿ. ಸತ್ತರೂ ಅದು ಸರ್ಕಾರದ್ದೇ, ತಿಳಿಸಲೇಬೇಕು. ಒಪ್ಪಿಸಿದ ಮೇಲೆ ಎಲ್ಲಿಗೆ ಕಳಿಸಬೇಕೆಂದು ಇಲಾಖೆ ತೀರ್ಮಾನಿಸುತ್ತದೆ. ನಿಮಗೆ ಹತ್ತಿರದ ಮೃಗಾಲಯ ಶಿವಮೊಗ್ಗದ ತ್ಯಾವರೆಕೊಪ್ಪ. ಬೆಂಗಳೂರಿನಲ್ಲಿ ಜಪ್ತಿಯಾದ ನಕ್ಷತ್ರ ಆಮೆಗಳು ಬನ್ನೇರುಘಟ್ಟಕ್ಕೆ ಹೋದದ್ದುಂಟು.

ಇನ್ನು ಮಗಳು. ನಿಮ್ಮ ಕಾಗದದಲ್ಲಿ ಕೇಸಿನ ಭಯಕ್ಕಿಂತ ಇವಳ ಚಿಂತೆಯೇ ದೊಡ್ಡದಾಗಿ ಕಂಡಿತು, ಅದು ಸರಿಯಾಗಿಯೇ ಇದೆ. ಅವಳು ಶಾಲೆಗೆ ಹೋದಾಗ ಕೊಟ್ಟುಬಿಟ್ಟು, ಸಂಜೆ ಬಂದಾಗ ಓಡಿಹೋಯಿತು ಎಂದು ಹೇಳುವ ಆಲೋಚನೆ ದೊಡ್ಡವರಿಗೆಲ್ಲ ಬರುತ್ತದೆ. ಬೇಡ. ಏಳು ವರ್ಷದ ಮಗು ಓಡಿಹೋದ ಆಮೆಯನ್ನು ಹುಡುಕುತ್ತದೆ. ಗೇಟು ತೆರೆದಿಟ್ಟವರು ಯಾರು, ನಾನೇ ಮುಚ್ಚಳ ಸರಿಯಾಗಿ ಹಾಕಲಿಲ್ಲವೇ ಎಂದು ತನ್ನ ಮೇಲೇ ಹಾಕಿಕೊಳ್ಳುತ್ತದೆ. ಸತ್ತುಹೋಯಿತು ಎನ್ನುವ ಸುಳ್ಳು ಅದಕ್ಕಿಂತ ಕ್ರೂರ. ಇರುವುದನ್ನೇ ಚಿಕ್ಕ ಮಾತಿನಲ್ಲಿ ಹೇಳಿ: "ಚುಕ್ಕಿಗೆ ಹುಷಾರಿಲ್ಲ ಮರಿ. ಅದನ್ನ ನೋಡೋಕೆ ಗೊತ್ತಿರೋರ ಹತ್ರ ಕಳಿಸ್ಬೇಕು. ಅದು ಕಾಡಿನ ಪ್ರಾಣಿ, ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ನಮಗೆ ಮೊದಲು ಗೊತ್ತಿರ್ಲಿಲ್ಲ. ಕಳಿಸಿದ ಮೇಲೆ ವಾಪಸ್ ಬರಲ್ಲ." ಕೊನೆಯ ವಾಕ್ಯವನ್ನು ನುಂಗಬೇಡಿ. ವಾಪಸು ಬರುತ್ತದೆಯೋ ಏನೋ ಎಂಬ ಆಸೆಯನ್ನು ಉಳಿಸಿದರೆ ಅವಳು ದಿನಾ ಬಾಗಿಲು ನೋಡುತ್ತಾಳೆ. ಹಾಗೆಯೇ, ಅದನ್ನು ಕಾಡಿಗೆ ಬಿಡುತ್ತಾರೆ, ಅಲ್ಲಿ ಅದರ ಅಮ್ಮ ಇದೆ ಎಂದೂ ಮಾತು ಕೊಡಬೇಡಿ. ಇಂಥ ಮರಿಗಳಲ್ಲಿ ಎಷ್ಟೋ ಬದುಕುವುದಿಲ್ಲ, ಬದುಕಿದವುಗಳೆಲ್ಲ ಕಾಡಿಗೆ ಮರಳುವುದೂ ಇಲ್ಲ. ಆಮೆ ಮೊಟ್ಟೆಯಿಟ್ಟು ಮಣ್ಣು ಮುಚ್ಚಿ ಹೊರಟುಹೋಗುತ್ತದೆ, ಮರಿ ಹುಟ್ಟಿದ ಗಳಿಗೆಯಿಂದ ಒಂಟಿ. ಇದನ್ನು ಹೇಳಿದರೆ ಮಗು ಕುತೂಹಲದಿಂದಲೇ ಕೇಳುತ್ತದೆ.

ಅಳುತ್ತಾಳೆ. ಅಳಲಿ. ಮಾವನ ಮೇಲೆ ಸಿಟ್ಟು ಮಾಡಿಕೊಂಡರೆ ಆ ಸಿಟ್ಟನ್ನು ನೀವು ಹೊರಬೇಡಿ. ತಂದುಕೊಟ್ಟದ್ದು ತನ್ನ ತಪ್ಪು, ನೀನು ಚೆನ್ನಾಗಿ ನೋಡಿಕೊಂಡೆ ಎಂದು ಸೋದರಮಾವನೇ ಅವಳಿಗೆ ಹೇಳಲಿ. ಹುಡುಗಿಯ ಮುಂದೆ ತಪ್ಪೊಪ್ಪಿಕೊಂಡರೆ ಅವನ ಮರ್ಯಾದೆಗೆ ಏನೂ ಕಡಿಮೆಯಾಗುವುದಿಲ್ಲ. ಉಳಿದಿರುವ ಹೊತ್ತಿನಲ್ಲಿ ಅವಳಿಗೆ ಕೆಲಸ ಕೊಡಿ: ಗರಿಕೆ ಆಯುವುದು, ಅಡುಗೆಮನೆಯ ತಕ್ಕಡಿ ಇದ್ದರೆ ತೂಕ ಬರೆದಿಡುವುದು, ಪೆಟ್ಟಿಗೆಯ ಜೊತೆ ಹೋಗಬೇಕಾದ ಚೀಟಿ ಬರೆಯುವುದು. ಚುಕ್ಕಿಗೆ ದಾಸವಾಳ ಇಷ್ಟ ಎಂದು ಅವಳ ಅಕ್ಷರದಲ್ಲೇ ಇರಲಿ, ಅರಣ್ಯ ಇಲಾಖೆಯವರೂ ಮಕ್ಕಳೊಂದಿಗರೇ. ಒಪ್ಪಿಸಲು ಹೋಗುವಾಗ ಬರುತ್ತೇನೆ ಎಂದರೆ ಕರೆದುಕೊಂಡು ಹೋಗಿ. ಒಲ್ಲೆ ಎಂದರೆ ಎಳೆದೊಯ್ಯಬೇಡಿ.

ಆ ಜಾಗಕ್ಕೆ ಮರುದಿನವೇ ಇನ್ನೊಂದನ್ನು ತರುವುದಂತೂ ಬೇಡ. ಅಕ್ವೇರಿಯಂ ಅಂಗಡಿಗಳಲ್ಲಿ ಹಸಿರು ಮೈ, ಕಣ್ಣಿನ ಹಿಂದೆ ಕೆಂಪು ಪಟ್ಟೆಯ ಪುಟ್ಟ ನೀರಾಮೆ ಸಿಗುತ್ತದೆ, ಅದು ನಮ್ಮ ದೇಶದ್ದಲ್ಲ, ಪರವಾಗಿಲ್ಲ ಎಂದು ನಿಮ್ಮ ತಮ್ಮ ಹೇಳಬಹುದು. ರೆಡ್ ಇಯರ್ಡ್ ಸ್ಲೈಡರ್ ಎಂಬ ಅಮೆರಿಕದ ಆಮೆ ಅದು. ಈಗ ನಾಣ್ಯದಷ್ಟಿರುವುದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ, ಗಬ್ಬು ನಾರುತ್ತದೆ, ಬೇಸತ್ತವರು ಕೆರೆಗೆ ಎಸೆಯುತ್ತಾರೆ. ಅಲ್ಲಿ ಅದು ನಮ್ಮ ಕೆರೆಯ ಆಮೆಗಳ ಮೇವು, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿಯುತ್ತದೆ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಕಾನೂನು ಒಪ್ಪಿದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಸ್ವಲ್ಪ ದಿನ ಹೋಗಲಿ. ಕೊಟ್ಟಿಗೆಯಲ್ಲಿ ಕರು ಹುಟ್ಟಿದರೆ ಅದರ ಜವಾಬ್ದಾರಿ ಅವಳಿಗಿರಲಿ. ಮುಂದಿನ ಹುಟ್ಟುಹಬ್ಬಕ್ಕೆ ಮಾವ ಖರ್ಚು ಮಾಡಲೇಬೇಕೆಂದಿದ್ದರೆ ನಮ್ಮ ಮೃಗಾಲಯಗಳಲ್ಲಿ ಪ್ರಾಣಿಯನ್ನು ದತ್ತು ಪಡೆಯುವ ಯೋಜನೆಯಿದೆ; ಮೇವಿನ ಹಣ ಕಟ್ಟಿದರೆ ಅವಳ ಹೆಸರಿಗೆ ಪ್ರಮಾಣಪತ್ರ ಬರುತ್ತದೆ, ಹೋಗಿ ನೋಡಲೂಬಹುದು.

ಉಗುರುಬಣ್ಣದ ವಿಷಯ. ಅದನ್ನು ತೆಗೆಯುವ ರಿಮೂವರ್ ಆಗಲಿ, ಥಿನ್ನರ್, ಸೀಮೆಎಣ್ಣೆಯಾಗಲಿ ಮುಟ್ಟಿಸಬೇಡಿ. ಚಿಪ್ಪಿಗೆ ನರಗಳಿವೆ, ರಕ್ತವಿದೆ. ಆ ದ್ರಾವಣ ಒಳಗೂ ಇಳಿಯುತ್ತದೆ, ಅದರ ಆವಿ ಉಸಿರಿಗೂ ಹೋಗುತ್ತದೆ. ಬ್ಲೇಡಿನಿಂದ ಕೆರೆಯುವುದೂ ಬೇಡ, ಮರಿಯ ಬೆಳೆಯುವ ಅಂಚು ಅಲ್ಲೇ ಇರುತ್ತದೆ. ಒಂದಕ್ಷರದಷ್ಟು ಬಣ್ಣದಿಂದ ಈಗಲೇ ಅಪಾಯವಿಲ್ಲ. ಹಾಗೇ ಬಿಟ್ಟು, ಒಪ್ಪಿಸುವ ಹಾಳೆಯಲ್ಲಿ ಅದನ್ನೂ ಒಂದು ಸಾಲು ಬರೆಯಿರಿ. ಅಲ್ಲಿನ ವೈದ್ಯರು ತೆಗೆದುಕೊಳ್ಳುತ್ತಾರೆ.